ತಿಳಿಯೂ ತೆಳಿಯೂ

ಆಗಸ್ಟ್ ೧೪, ಬುಧವಾರ. ಕಾರವಾರ.

ಬ್ಯಾಟರಿಗೆಂದು ಮಾಡುವ ನಿಕಲ್ ಹೈಡ್ರಾಕ್ಸೈಡ್ ಪುಡಿ ತಿಂಗಳಿಂದ ಲೆಕ್ಕಕ್ಕಿಂತ ಕಡಿಮೆ ಬರುತ್ತಿತ್ತು. ಈ ವಿಧಾನ ಆಗದು, ಕೆಲಸ ನಿಲ್ಲಿಸುತ್ತೇನೆ ಎಂದು ಪತ್ರವನ್ನೂ ಬರೆದಿಟ್ಟಿದ್ದೆ.

ಬೆಳಿಗ್ಗೆ ಅಂಕೋಲೆಗೆ ಹೋಗಬೇಕಾಯಿತು. ಪುಡಿ ಅಡಿಗೆ ಕೂತ ಮೇಲೆ ತಿಳಿ ತೆಗೆಯಲು ಲ್ಯಾಬಿನ ಗಂಗೂಗೆ ಫೋನಿನಲ್ಲಿ ಹೇಳಿದೆ. ಮಧ್ಯಾಹ್ನ ಬಂದರೆ ಮೂಲೆಯಲ್ಲೊಂದು ಬಿಳಿ ಬಕೆಟ್ಟು, ಅದಕ್ಕೆ ತಟ್ಟೆ ಮುಚ್ಚಿದೆ.

“ಇದೆಂತ ಗಂಗೂ?”

“ತೆಳಿ ಸರ್. ನೀವೇ ತೆಗಿ ಅಂದ್ರಲ್ಲ.”

“ಚೆಲ್ಲೂಕೆ ಹೇಳಿದ್ದು, ಮಾರಾಯ್ತಿ!”

“ಗಂಜಿ ತೆಳಿ ಯಾರಾದ್ರೂ ಚೆಲ್ತಾರಾ? ಸತ್ವ ಎಲ್ಲ ಅದ್ರಲ್ಲೇ ಇರೂದು. ನಿಮ್ಮನೇಲಿ ಚೆಲ್ತಾರೋ ಏನೋ!”

ನಗುತ್ತ ತಟ್ಟೆ ಸರಿಸಿದೆ. ಗಾಜಿನಲ್ಲಿ ಬಣ್ಣವೇ ಇಲ್ಲದಂತೆ ಕಾಣುತ್ತಿದ್ದ ನೀರು ಬಿಳಿ ಬಕೆಟ್ಟಿನಲ್ಲಿ ತೆಳು ನೀಲಿಯಾಗಿತ್ತು. ಪುಡಿ ಮಾಡಲು ನಾನು ಬೆರೆಸುವ ಅಮೋನಿಯ ಹೆಚ್ಚಾಗಿ ನಿಕಲ್ ಅದರಲ್ಲೇ ಕರಗಿ ಉಳಿದಿತ್ತು. ತಿಂಗಳಿಡೀ ನಾನು ತ್ಯಾಜ್ಯದ ಕ್ಯಾನಿಗೆ ಸುರಿದದ್ದು ಅದನ್ನೇ.

ಪತ್ರ ಹರಿದೆ. ವಿಧಾನ ಸರಿಯಿತ್ತು, ಅಳತೆ ತಪ್ಪಿತ್ತು.

ತಪ್ಪು ನನ್ನದೇ ಎಂದು ಖಚಿತವಾದ ದಿನ ಮನಸ್ಸು ಇಷ್ಟು ಹಗುರಾಗಿರುವುದು ವಿಚಿತ್ರ. ನಿಕಲ್ಲಿನ ಗುಣವೇ ಹಾಗೆಂದಾಗಿದ್ದರೆ ನಾನೇನೂ ಮಾಡುವಂತಿರಲಿಲ್ಲ. ನನ್ನದಾದರೆ ನಾಳೆಯೇ ತಿದ್ದಬಹುದು. ಇನ್ನೂ ಬರೆಯಬೇಕೆಂದಿದ್ದೆ, ಆದರೆ ಬಹಳ ದಿನಗಳ ಮೇಲೆ ನಿದ್ದೆ ತಾನಾಗಿ ಬರುತ್ತಿದೆ.