ಬೆನ್ನಿಗೆ ಬೆನ್ನು

ಭಾನುವಾರ, ಒಗೆದ ಬಟ್ಟೆ ಒಣಗುವ ಹೊತ್ತು

ನನ್ನ ಚಿನಕುರಳಿ,

ರಜೆಗೆ ಯಾವ ಮನೆಗೆ ಬರಲಿ, ಅಮ್ಮನ ಮನೆಗೋ ಅಪ್ಪನ ಅಂಗಡಿಯ ಮೇಲಿನ ಕೋಣೆಗೋ ಎಂದು ಕೇಳಿದ್ದೆಯಲ್ಲ. ಫೋನಿನಲ್ಲಿ ನಾನು ಏನೋ ಹೇಳಿ ಮಾತು ಮರೆಸಿದೆ. ಉತ್ತರ ಈ ಪತ್ರದಲ್ಲಿದೆ. ಆದರೆ ಕೊನೆಯ ಸಾಲಿಗೆ ಹಾರಬೇಡ. ಕಾದಂಬರಿಯನ್ನೂ ಹಾಗೇ ಓದುವವಳು ನೀನು.

ನೀನು ಹಟ ಹಿಡಿದು ಸೇರಿಸಿದ ಯೋಗದ ತರಗತಿಗೆ ತಪ್ಪದೆ ಹೋಗುತ್ತಿದ್ದೇನೆ. ನಮ್ಮ ಟೀಚರ್ ಮೊದಲು ಈಜು ಕಲಿಸುತ್ತಿದ್ದವರು. ಈಗಲೂ ಕೊಳದ ಆಚೆ ದಡಕ್ಕೆ ಕೇಳಿಸುವಂತೆಯೇ ಮಾತು. 'ಮನಸ್ಸು ಶಾಂತವಾಗಲಿ' ಎಂದು ಅವರು ಕೂಗಿದರೆ ಕಿಟಕಿಯ ಮೇಲಿನ ಪಾರಿವಾಳಗಳು ಹಾರಿಹೋಗುತ್ತವೆ. ಬಂದವರು ಅಕ್ಕಪಕ್ಕ ನೋಡದೆ ಕಣ್ಣು ಮುಚ್ಚಿ ಮಲಗಿಬಿಡಬೇಕು. ಕೊನೆಗೆ ಎಲ್ಲರೂ ದುಂಡಗೆ ಕೂತು, ಆ ಗಳಿಗೆಗೆ ತನಗೆ ಅನ್ನಿಸಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಇದು ಅವರ ಕಟ್ಟಪ್ಪಣೆ.

ಈ ವಾಕ್ಯದ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಎಂ.ಎ. ಮಾಡಿದವಳು, ದಿಂಬಿನ ಪಕ್ಕ ಕವನ ಸಂಕಲನ ಇಟ್ಟುಕೊಂಡು ಮಲಗುವವಳು. ದಿನಕ್ಕೊಬ್ಬ ಕವಿಯ ಸಾಲು ಹೇಳುತ್ತಿದ್ದೆ, ಎಲ್ಲರೂ ತಲೆದೂಗುತ್ತಿದ್ದರು. ಒಂದು ದಿನ ಟೀಚರ್, 'ಚೆನ್ನಾಗಿದೆ ಕಣ್ರೀ, ಆದ್ರೆ ಇದು ಅವರಿಗೆ ಅನ್ಸಿದ್ದು. ನಿಮಗೇನನ್ಸುತ್ತೆ?' ಎಂದರು. ಬಾಯಿ ತೆರೆದೆ. ಬಂದದ್ದು ಇನ್ನೊಬ್ಬ ಕವಿಯ ಸಾಲೇ. ಪಕ್ಕದಲ್ಲಿದ್ದ ಬಸ್ ಕಂಡಕ್ಟರಮ್ಮ, 'ನಂಗಂತೂ ಹಸಿವಾಗ್ತಿದೆ' ಎಂದು ನನ್ನನ್ನು ಪಾರುಮಾಡಿದಳು. ಅಂದಿನಿಂದ 'ಪರವಾಗಿಲ್ಲ, ಚೆನ್ನಾಗಿದೀನಿ' ಎಂದು ಹೇಳಿ ದಿನ ದೂಡುತ್ತಿದ್ದೆ.

ಕಳೆದ ವಾರ ಒಂದು ದಿನ ತಡವಾಗಿ ಹೋದೆ. ಆಗಲೇ ಎಲ್ಲರೂ ಮಲಗಿದ್ದರು. ಯಾರ ಪಕ್ಕ ಎಂದೂ ನೋಡದೆ, ಜಾಗ ಕಂಡಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಟೀಚರ್, ಕಣ್ಣು ತೆರೆಯದೆ ಪಕ್ಕದವರ ಬೆನ್ನಿಗೆ ಬೆನ್ನು ಕೊಟ್ಟು ಕೂತು, ಇಬ್ಬರೂ ಒಂದೇ ಲಯದಲ್ಲಿ ಉಸಿರಾಡಿ ಎಂದರು. ಪಕ್ಕದವರು ಏಳುವಾಗ ಮಂಡಿ ಲಟಕ್ಕೆಂದಿತು. ಇಷ್ಟು ವರ್ಷ ಕೇಳಿದ ಆ ಲಟಕ್ಕು ನನಗೆ ಗೊತ್ತಾಗದೆ ಇರುತ್ತದೆಯೇ? ನಿನ್ನಪ್ಪ!

ಕತ್ತು ನೋವಿಗೆಂದು ಡಾಕ್ಟರು ಕಳಿಸಿದ್ದರಂತೆ, ಅಂದೇ ಮೊದಲ ದಿನ. ನಿನಗೆ ಗೊತ್ತಲ್ಲ, ಗಡಿಯಾರದೊಳಗೆ ಪುಟ್ಟ ಚಕ್ರ ಕೂರಿಸುವಾಗ ಅದು ಹಾರಿಹೋದೀತೆಂದು ಅವರು ಉಸಿರು ಬಿಗಿಹಿಡಿಯುತ್ತಾರೆ. ಮನೆಯಲ್ಲಿ ಮನಸ್ಸಿನ ಮಾತು ಎತ್ತಿದರೂ ಹಾಗೇ ಕೂತುಬಿಡುತ್ತಿದ್ದರು. ನೀನು ಓದಲು ಹೋದ ಮೇಲೆ ಒಂದು ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು. ಊಟಕ್ಕೆ ಬನ್ನಿ, ಬಂದೆ, ಅಷ್ಟೇ. ಒಂದು ದಿನ ಹಾಸಿಗೆ ಸುತ್ತಿಕೊಂಡು ಅಂಗಡಿಯ ಮೇಲಿನ ಕೋಣೆಗೆ ಹೋದರು. ಎಲ್ಲದಕ್ಕೂ ಆ ಬಿಗಿಹಿಡಿದ ಉಸಿರೇ ಕಾರಣ ಎಂದು ನಾನು ತೀರ್ಪು ಕೊಟ್ಟು ಕೂತಿದ್ದೆ.

ಅಂದೂ ಲಯ ಕೂಡಲಿಲ್ಲ. ಟೀಚರ್ ಬಂದು ನಿಂತು, 'ಯಾಕ್ರೀ ನೀರಲ್ಲಿ ಮುಳುಗಿದೋರ ಥರ ಉಸಿರು ಕಟ್ಕೊಂಡಿದೀರಾ? ಬಿಡ್ರೀ!' ಎಂದು ಗುಡುಗಿದರು. ಈ ಮನುಷ್ಯ ಎಲ್ಲಿ ಹೋದರೂ ಇಷ್ಟೇ ಎಂದು ಒಳಗೊಳಗೇ ನಕ್ಕೆ. ಆಗ ಟೀಚರ್ ಕೈ ನನ್ನ ಭುಜದ ಮೇಲೆ ಬಿತ್ತು. 'ನಿಮಗೇ ಹೇಳ್ತಿರೋದು ಕಣಮ್ಮಾ. ಹಿಂದಿರೋರು ಆರಾಮಾಗಿ ಉಸಿರಾಡ್ತಿದಾರೆ.'

ಹೌದು ಮಗಳೇ. ನಿನ್ನಪ್ಪನ ಬೆನ್ನು ಮೆಲ್ಲಗೆ ಏರಿ ಇಳಿಯುತ್ತಿತ್ತು. ಹಲಗೆಯಂತೆ ಕೂತಿದ್ದವಳು ನಾನು. ಉಸಿರು ಬಿಟ್ಟೆ. ಅದರ ಜೊತೆಗೇ ಅಳುವೋ ನಗುವೋ ತಿಳಿಯದ ಸದ್ದೊಂದು ಹೊರಬಿತ್ತು. ಹಿಂದಿನ ಬೆನ್ನು ಸರಿದುಕೊಳ್ಳಲಿಲ್ಲ, ಇನ್ನಷ್ಟು ಒರಗಿತು.

ದುಂಡಗೆ ಕೂತು ನನ್ನ ಸರದಿ ಬಂದಾಗ ಯಾವ ಕವಿಯೂ ನೆರವಿಗೆ ಬರಲಿಲ್ಲ. 'ಬೆಳಿಗ್ಗೆ ಒಬ್ಬಳೇ ಕೂತು ಚಹಾ ಕುಡಿಯೋಕೆ ನಂಗೆ ಬೇಜಾರು' ಎಂದುಬಿಟ್ಟೆ. ನಿನ್ನಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು, 'ನನ್ನ ಕೋಣೇಲಿ ಸ್ಟವ್ ಕೆಟ್ಟಿದೆ' ಎಂದರು. ಅದು ಅವರ ವಾಕ್ಯ! ನಾನು ಬಿಡುತ್ತೇನೆಯೇ? 'ಗಡಿಯಾರ ರಿಪೇರಿ ಮಾಡೋರಿಗೆ ಸ್ಟವ್ ರಿಪೇರಿ ಬರಲ್ವೇನ್ರೀ?' ಎಂದೆ. 'ಬರುತ್ತೆ,' ಎಂದರು, 'ಮಾಡ್ಕೊಂಡಿಲ್ಲ.' ಕಂಡಕ್ಟರಮ್ಮ ಚಪ್ಪಾಳೆ ತಟ್ಟಿ, 'ಇನ್ನೇನು, ರೈಟ್ ರೈಟ್!' ಎಂದು ಕೂಗಿದಳು. ಟೀಚರ್ ಕೂಡ ನಕ್ಕರು, ಪಾರಿವಾಳಗಳು ಮತ್ತೆ ಹಾರಿದವು.

ಆಮೇಲಿಂದ ದಿನಾ ಬೆಳಿಗ್ಗೆ ಚಹಾಕ್ಕೆ ಬರುತ್ತಾರೆ, ಕಪ್ಪು ತೊಳೆದಿಟ್ಟು ಅಂಗಡಿಗೆ ಹೋಗುತ್ತಾರೆ. ತಲಾ ಒಂದು ವಾಕ್ಯ ಹೇಳಲೇಬೇಕು, ನಮ್ಮ ಕರಾರು ಅದು. ನಿನ್ನೆ ಅವರು, 'ನೀನು ಕವಿತೆ ಓದೋಕೆ ಶುರು ಮಾಡಿದ್ರೆ, ನಾನೇನು ಹೇಳಿದ್ರೂ ಚಿಕ್ಕದಾಗಿ ಕೇಳ್ಸುತ್ತೆ ಅಂತ ಸುಮ್ಮನಿರ್ತಿದ್ದೆ' ಎಂದರು. ಮೊದಲಾಗಿದ್ದರೆ ಅದಕ್ಕೂ ಒಂದು ಸಾಲು ಹುಡುಕುತ್ತಿದ್ದೆ. ನಿನ್ನೆ ಕೇಳಿಸಿಕೊಂಡು ಕೂತೆ. ಚಹಾ ಆರಿತು, ಇಬ್ಬರೂ ಹಾಗೇ ಕುಡಿದೆವು.

ಈ ಮನೆಗೇ ಬಾ. ಬೆಳಗಿನ ಬಸ್ಸು ಹಿಡಿ, ಇಬ್ಬರೂ ಸಿಗುತ್ತೇವೆ. ಅಪ್ಪನ ಹಾಸಿಗೆ ಎಲ್ಲಿದೆ ಎಂದು ಮಾತ್ರ ಅವರನ್ನು ಕೇಳಬೇಡ. ಆ ಮಾತು ಎತ್ತಬೇಕಾದವಳು ನಾನು.

ಸರಾಗವಾಗಿ ಉಸಿರಾಡುತ್ತಿರುವ
ನಿನ್ನ ಅಮ್ಮ

ತಾ.ಕ.: ಯಾರ ಪಕ್ಕ ಎಂದು ನೋಡದೆ ಚಾಪೆ ಹಾಸಿದೆ ಎಂದು ಬರೆದೆನಲ್ಲ, ಅದು ಸುಳ್ಳು. ಬಾಗಿಲಲ್ಲೇ ನಿನ್ನಪ್ಪನ ಬೂಟು ಕಂಡಿತ್ತು, ಎಡಗಾಲಿನ ಹಿಮ್ಮಡಿ ಸವೆದದ್ದು. ಅಲ್ಲಿಂದಲೇ ಮನೆಗೆ ತಿರುಗಬಹುದಿತ್ತು. ಒಳಗೆ ಹೋಗಿ, ಕಂಡಕ್ಟರಮ್ಮನನ್ನು ಎಬ್ಬಿಸಿ ಆಚೆ ಸರಿಸಿ, ಅವರ ಪಕ್ಕದಲ್ಲೇ ಹಾಸಿದೆ. ನಾಳೆ ಚಹಾದ ಹೊತ್ತಿಗೆ ನಾನು ಹೇಳುವ ವಾಕ್ಯ ಇದೇ. ಅಪ್ಪನ ಹಾಸಿಗೆ ಅದರ ಹಿಂದೆಯೇ ಮನೆಗೆ ಬರುತ್ತದೆ, ನೋಡುತ್ತಿರು.