ಎಡೆಗೆ ಪುಟ್ಟಬಾಳೆ

ನ್ಯೂಟೌನ್, ಭದ್ರಾವತಿ
12-7-2007

ಚಿರಂಜೀವಿ ಮಲ್ಲಿಕ್‌ಗೆ,

ಅಕ್ಕ ಬಸವರಾಜೇಶ್ವರಿಯ ಆಶೀರ್ವಾದ. ನಾವಿಲ್ಲಿ ಕ್ಷೇಮ. ನೀವಲ್ಲಿ ಕ್ಷೇಮವೆಂದು ನಿನ್ನ ಕಾರ್ಡಿನ ದಪ್ಪ ನೋಡಿಯೇ ತಿಳಿಯಿತು. ಉತ್ತರ ತಡವಾಯಿತು, ಕ್ಷಮಿಸು ಎಂದು ಬರೆಯುವುದು ವಾಡಿಕೆ, ವಾಡಿಕೆ ಮುಗಿಸಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನನಗೆ ಸಿಟ್ಟು ಬಂದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ಸೌಕರ್ಯವಿಲ್ಲ.

ನಿಮ್ಮ ಭಾವ ಚೆನ್ನಾಗಿದ್ದಾರೆ. ಅವರ ಗೊರಕೆಗೆ ಹೆದರಿ ಸೊಳ್ಳೆಗಳೆಲ್ಲ ನನ್ನ ಕಡೆಗೇ ಬರುತ್ತವೆ. ಬೆಳ್ಳುಳ್ಳಿಗಿಂತ ಗೊರಕೆ ವಾಸಿ ಎಂದು ನಿನ್ನ ಹೆಂಡತಿ ಸುಮನಾಗೆ ಹೇಳು.

ಅಪ್ಪನ ವರ್ಷದ ಪುಣ್ಯಸ್ಮರಣೆಯ ಕಾರ್ಡು ತಲುಪಿತು. ಅಚ್ಚಿನ ಕೆಳಗೆ ನೀನು ಪೆನ್ನಿನಲ್ಲಿ ಬರೆದದ್ದನ್ನೂ ಓದಿದೆ: ‘ಅಕ್ಕ, ಎಡೆಗೆ ಅಪ್ಪನಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು ಅಂತ ಸುಮನಾಗೆ ಆಸೆ. ಏನೇನು ಅಂತ ತಿಳಿಸು.’

ಭದ್ರಾವತಿ ಹಳೇನಗರದ ಬಾಳೆಹಣ್ಣಿನ ಮಂಡಿ ವೀರಪ್ಪನ ಮಗ, ಅಪ್ಪನಿಗೆ ಏನಿಷ್ಟ ಎಂದು ಅಕ್ಕನನ್ನು ಕೇಳುತ್ತಾನೆ! ನಾವಿಬ್ಬರೂ ಗೊನೆಗಳ ನಡುವೆ ಹಾಸಿಗೆ ಹಾಸಿ ಮಲಗಿ ಬೆಳೆದವರು. ಹಣ್ಣಾಗಲು ಹಾಕಿದ ಹೊಗೆಗೆ ನಾವು ಕೆಮ್ಮುತ್ತಿದ್ದೆವು, ಸೊಳ್ಳೆ ಕಚ್ಚಿದ ನೆನಪು ನನಗಂತೂ ಇಲ್ಲ. ಮಂಡಿಗೆ ಯಾರೇ ಬರಲಿ, ಅಪ್ಪ ಎರಡು ಪುಟ್ಟಬಾಳೆ ಕೈಗಿಟ್ಟೇ ಕಳಿಸುತ್ತಿದ್ದರು. "ಮಕ್ಕಳು, ಮುದುಕರು ಇರೋ ಮನೆಗೆ ಬರಿಗೈಲಿ ಹೋಗಬಾರದು" ಎನ್ನುವುದು ಅವರ ವೇದ, ಪುರಾಣ, ಪಂಚಾಂಗ.

ಕಳೆದ ಮಳೆಗಾಲ ಊರಿಗೆಲ್ಲ ಚಿಕೂನ್‌ಗುನ್ಯ ಬಂತಲ್ಲ, ಆಗ ನಿಮ್ಮ ಸವಳಂಗ ರಸ್ತೆಯ ಮನೆಗೆ ಪಕ್ಕದ ಮನೆಯ ಸುಭದ್ರಮ್ಮನ ಶಾಸ್ತ್ರವೂ ಬಂತು. "ಬಾಳೆಹಣ್ಣು ತಿಂದ ಮೈ ಸೊಳ್ಳೆಗೆ ಹೋಳಿಗೆ ಇದ್ದಂಗೆ ಕಣ್ರೀ ಸುಮನಾ, ಒಬ್ರು ತಿಂದ್ರೆ ಮನೆಮಂದಿಗೆಲ್ಲ ಕಚ್ತವೆ." ಅಂದಿನಿಂದ ನಿಮ್ಮ ಮನೆಯಲ್ಲಿ ಬಾಳೆಹಣ್ಣು ಬಂದ್, ಬೆಲ್ಲ ಬಂದ್. ಅಪ್ಪನಿಗೆ ಬೆಳಿಗ್ಗೆ ಎದ್ದ ಕೂಡಲೇ ಹಸಿ ಬೆಳ್ಳುಳ್ಳಿ. "ಏನವ್ವಾ, ನನ್ನನ್ನೇ ಒಗ್ಗರಣೆ ಹಾಕ್ತೀರೇನು?" ಎಂದು ಅವರು ಕೇಳಿದ್ದಕ್ಕೆ ನೀವೆಲ್ಲ ನಕ್ಕಿರಿ. ನಾನೂ ಒಂದು ಪದ್ಯ ಕಟ್ಟಿದ್ದೆ:

ಬಾಳೆ ತಿಂದವರ ಬಳಿ ಸೊಳ್ಳೆಗಳ ಸಂತೆ,
ಬೆಳ್ಳುಳ್ಳಿ ತಿಂದವರ ಬಳಿ ಹೆಂಡತಿಯೂ ಇಲ್ಲವಂತೆ.

ಆಗ ನನಗೂ ಅದು ತಮಾಷೆಯೇ ಆಗಿತ್ತು.

ಸುಮನಾಳ ಹೆದರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ನಿಮ್ಮ ಮಗಳು ಅಮೂಲ್ಯ ಜ್ವರ ಬಿಟ್ಟ ಮೇಲೂ ಪೆನ್ನು ಹಿಡಿಯಲಾರದೆ ಅಳುತ್ತಿದ್ದುದನ್ನು ನೋಡಿದ್ದೇನೆ. ಹೆತ್ತವಳಿಗೆ ಕರುಳು ಚುರುಕ್ ಎನ್ನದೇ ಇರುತ್ತದೆಯೇ? ಆದರೆ ನಿಮ್ಮ ಹಿತ್ತಲಿನ ಡ್ರಮ್ಮಿನ ಮುಚ್ಚಳ ಎತ್ತಿ ನಿನಗೆ ತೋರಿಸಿದೆ. ನೀರಿನಲ್ಲಿ ಸೊಳ್ಳೆಮರಿಗಳು ಗರಡಿಮನೆ ಇಟ್ಟಿದ್ದವು. "ಅದು ಬಟ್ಟೆ ಒಗೆಯೋ ನೀರು ಅಕ್ಕ, ಕುಡಿಯಲ್ಲ" ಎಂದೆ ನೀನು. ಸೊಳ್ಳೆಗಳಿಗೆ ಆ ಭೇದ ಗೊತ್ತಿರಲಿಲ್ಲ, ಪಾಪ. ಡ್ರಮ್ಮು ಚೆಲ್ಲುವುದಕ್ಕೆ ರಟ್ಟೆ ನೋಯಬೇಕು. ಮುದುಕನ ಬಾಯಿ ಕಟ್ಟುವುದಕ್ಕೆ ಏನು ನೋಯಬೇಕು?

ಅಪ್ಪನಿಗೂ ಜ್ವರ ಬಂತೆಂದು ತಿಳಿದು ನಾನು ಓಡಿ ಬಂದ ದಿನ ನಿನಗೆ ನೆನಪಿದೆಯೋ ಇಲ್ಲವೋ. ಕೈಯಲ್ಲಿ ಒಂದು ಚಿಪ್ಪು ಪುಟ್ಟಬಾಳೆ ಇತ್ತು. ಹಳೇನಗರಕ್ಕೇ ಹೋಗಿ, ಅಪ್ಪ ಆರಿಸುವ ಹಾಗೆ ಮೂಸಿ, ಒತ್ತಿ, ಆರಿಸಿ ತಂದದ್ದು. ಬಸ್ಸಿನಲ್ಲಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದದ್ದು. ನೀನು ಗೇಟಿನಲ್ಲೇ ಅಡ್ಡ ನಿಂತೆ.

"ಅದನ್ನ ಇಲ್ಲೇ ಕೊಡು ಅಕ್ಕ. ಒಳಗೆ ತಂದ್ರೆ ಸುಮನಾ ಕೂಗಾಡ್ತಾಳೆ."

"ಜ್ವರದ ಬಾಯಿಗೆ ಒಂದು ಹಣ್ಣು ಕಣೋ."

"ಹಣ್ಣು ತಿಂದ್ರೆ ಸೊಳ್ಳೆ ಮುತ್ಕೊಳ್ತವೆ ಮಾರಾಯ್ತಿ. ಅವರನ್ನ ಕಚ್ಚಿದ್ದು ಆಮೇಲೆ ಮಗೂನ ಕಚ್ಚತ್ತೆ. ಸುಮ್ನೆ ಕೊಡು."

ನೀನು ಕಸಿದುಕೊಂಡು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆ. ಸಂಜೆ ನಾನು ಹೊರಟಾಗ ತೆಗೆದು ನೋಡಿದರೆ ಹಣ್ಣೆಲ್ಲ ಬೆಂದು ಕಪ್ಪಾಗಿತ್ತು. "ದನಕ್ಕೆ ಹಾಕ್ತೀನಿ ಬಿಡು" ಎಂದೆ ನೀನು. ದನವಾದರೂ ತಿಂದಿತಲ್ಲ. ಅದಕ್ಕೆ ಸೊಳ್ಳೆ ಮುತ್ತಿದವೋ ಇಲ್ಲವೋ, ನೀನು ವಿಚಾರಿಸಿರಲಾರೆ.

ಆ ಹಣ್ಣು ತಿಂದಿದ್ದರೆ ಅಪ್ಪ ಬದುಕುತ್ತಿದ್ದರು ಎನ್ನುವಷ್ಟು ದಡ್ಡಿ ನಾನಲ್ಲ. ಹಾಗೆಂದರೆ ನನಗೂ ಸುಭದ್ರಮ್ಮನಿಗೂ ಏನು ವ್ಯತ್ಯಾಸ? ಜ್ವರ ಬಂತು, ವಯಸ್ಸಾಗಿತ್ತು, ಹೋದರು. ಅದು ನನ್ನ ತಕರಾರಲ್ಲ.

ಎಡೆಗೆ ಏನಿಡಬೇಕೆಂದು ಕೇಳಿದೆಯಲ್ಲ, ಪುಟ್ಟಬಾಳೆ ಇಡು. ಬೇರೇನೂ ಬೇಡ. ಸತ್ತವರನ್ನು ಸೊಳ್ಳೆ ಕಚ್ಚುವುದಿಲ್ಲ ಎಂದು ಸುಮನಾಗೆ ಧೈರ್ಯ ಹೇಳು.

ನಾನು ಬರುತ್ತೇನೋ ಇಲ್ಲವೋ, ಅದು ನಿನ್ನ ಕೈಯಲ್ಲಿದೆ. ಹೇಗೆಂದು ಕೆಳಗೆ ಬರೆದಿದ್ದೇನೆ.

ಅಮೂಲ್ಯಳ ಕೈಗೆ ಶಕ್ತಿ ಬರಲಿ, ಚೆನ್ನಾಗಿ ಓದಲಿ. ನಿಮ್ಮ ಮನೆ ತಣ್ಣಗಿರಲಿ, ಹಿತ್ತಲ ಡ್ರಮ್ಮು ಒಣಗಿರಲಿ.

ಇಂತು,
ನಿನ್ನ ಅಕ್ಕ
ಬಸವರಾಜೇಶ್ವರಿ

ಮರೆತ ಮಾತು: ಹೀಗೆ ಬರೆಯುವುದೂ ವಾಡಿಕೆಯೇ. ಮರೆತಿಲ್ಲ.

ನೀನು ಸ್ಕೂಟರಿಗೆ ಬೀಗ ಹಾಕಿ ಒಳಗೆ ಬಂದೆ. ಅಪ್ಪ ಸೊಳ್ಳೆಪರದೆ ಎತ್ತಿ ಕೈ ಹೊರಗೆ ಚಾಚಿದರು. "ಏನ್ ತಂದ್ಯೇ ರಾಜಮ್ಮ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಸುಮನಾ, "ಅಕ್ಕ ಅವಸರದಲ್ಲಿ ಬಂದ್ರು ಮಾವ, ಏನೂ ತರಕ್ಕಾಗ್ಲಿಲ್ವಂತೆ" ಎಂದಳು. ನಾನು ನಿನ್ನ ಮುಖ ನೋಡಿದೆ. ನೀನು ಫ್ಯಾನಿನ ರೆಗ್ಯುಲೇಟರ್ ತಿರುಗಿಸುತ್ತಿದ್ದೆ. "ಇರ್ಲಿ ಬಿಡು, ಬಸ್ಸಲ್ಲಿ ರಶ್ಶು" ಎಂದು ಅಪ್ಪ ಕೈ ಒಳಗೆಳೆದುಕೊಂಡು ಪರದೆಯ ಅಂಚನ್ನು ತಾವೇ ಹಾಸಿಗೆಯ ಕೆಳಗೆ ಸಿಕ್ಕಿಸಿಕೊಂಡರು. ಆಮೇಲೆ ನನ್ನನ್ನು ಏನೂ ಕೇಳಲಿಲ್ಲ. ಮಂಡಿ ವೀರಪ್ಪನ ಮಗಳು ಬರಿಗೈಲಿ ಬಂದಳು ಎಂದುಕೊಂಡೇ ಹೋದರು.

ಎಡೆಯ ಮುಂದೆ, ಎಲ್ಲರೂ ಕೇಳುವ ಹಾಗೆ, ನೀನು ಒಂದು ಮಾತು ಹೇಳಬೇಕು: "ಅಪ್ಪಾ, ಅವತ್ತು ಅಕ್ಕ ಹಣ್ಣು ತಂದಿದ್ಲು." ಹೇಳುವುದಾದರೆ ಗೇಟು ತೆಗೆದಿಡು. ಹಣ್ಣು ನಾನೇ ತರುತ್ತೇನೆ.