ಹದಿನಾಲ್ಕನೇ ಪೆಟ್ಟಿಗೆಯ ಸಾವು

ಓಮಿಯೊ,
ಜುಲೈ 11

ಪ್ರೀತಿಯ ನೋರೀನ್,

ಸೊಂಟದ ಹೊಸ ಕೀಲು ಹೇಗಿದೆ? ಮೊದಲು ಕುರ್ಚಿ ಎಳೆದುಕೊಂಡು ಕೂತುಕೋ. ಈ ಕಾಗದವನ್ನು ನಿಂತು ಓದಕೂಡದೆಂದು ನಿನ್ನ ಡಾಕ್ಟರ್ ಹೇಳದಿದ್ದರೂ ನಾನು ಹೇಳುತ್ತಿದ್ದೇನೆ.

ಹದಿನಾಲ್ಕನೇ ಗೂಡುಪೆಟ್ಟಿಗೆಯ ಆ ಇಲಿಗಾತ್ರದ ಪಾಸಮ್ ನಿನ್ನಿಂದ ಸಾಯಲಿಲ್ಲ. ನಿಜ ಹೇಳಬೇಕೆಂದರೆ, ಅದು ಸತ್ತೇ ಇಲ್ಲ.

ನೀನು ಆಸ್ಪತ್ರೆ ಸೇರಿದ ವಾರ ಕಾಡಿನಲ್ಲಿರುವ ನಿನ್ನ ಪೆಟ್ಟಿಗೆಗಳ ಭಾರ ನನ್ನ ಮೇಲೆ ಬಿತ್ತಲ್ಲ. ನಮ್ಮ ಪಾಸಮ್ ಸಂಘದ ನಿಯಮ ಗೊತ್ತೇ ಇದೆ: ಜೂನ್‌ನಿಂದ ಆಗಸ್ಟ್‌ವರೆಗಿನ ನಮ್ಮ ಚಳಿಗಾಲದಲ್ಲಿ ಮುಚ್ಚಳ ತೆಗೆ, ಇಣುಕು, ಮುಚ್ಚು, ಮುಟ್ಟಬೇಡ. ಆ ನಿಯಮ ಬರೆದವಳು ನಾನೇ. ಮುಟ್ಟಿದವಳೂ ನಾನೇ. ತೊಗಟೆಯ ನಾರಿನ ನಡುವೆ ನಿಂಬೆಹಣ್ಣಿಗಿಂತ ಚಿಕ್ಕ ಉಂಡೆ. ಕಿವಿ ಮಡಚಿ, ಮೂಗನ್ನು ಹೊಟ್ಟೆಗೆ ತೂರಿಸಿ, ಕಲ್ಲಿನಷ್ಟು ತಣ್ಣಗಿತ್ತು. ಐದು ನಿಮಿಷ ಅಂಗೈಯಲ್ಲಿಟ್ಟುಕೊಂಡು ನೋಡಿದೆ, ಒಂದು ಉಸಿರೂ ಇಲ್ಲ. 'ಚಳಿನಿದ್ದೆಯಲ್ಲಿರುವ ಪಾಸಮ್ ಸತ್ತಂತೆಯೇ ಕಾಣುತ್ತದೆ, ಮೋಸಹೋಗಬೇಡಿ' ಎಂದು ಹನ್ನೊಂದು ವರ್ಷದಿಂದ ಊರವರಿಗೆಲ್ಲ ಸ್ಲೈಡ್ ತೋರಿಸಿ ಭಾಷಣ ಬಿಗಿಯುತ್ತ ಬಂದ ಈ ಮಹಾತಾಯಿ ಆ ಮರದ ಕೆಳಗೇ ಕೂತು ಅತ್ತಳು.

ಮನೆಗೆ ತಂದು, ಬಿಸ್ಕತ್ತಿನ ಡಬ್ಬಿಯಲ್ಲಿ ಸಕಲ ಮರ್ಯಾದೆಯೊಂದಿಗೆ ಮಲಗಿಸಿ, ಒಲೆಯ ಪಕ್ಕ ಇಟ್ಟು, ಅಧ್ಯಕ್ಷ ಕ್ಲೈವ್‌ಗೆ ಫೋನ್ ಮಾಡಿದೆ. ಅವನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಯಾರ ತಪ್ಪು?” ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಚಳಿ ಒಳಗೆ ನುಗ್ಗಿದೆ ಎಂದುಬಿಟ್ಟೆ. “ಆ ನೋರೀನ್‌ಗೆ ಒಂದು ಮುಚ್ಚಳ ಹಾಕೋಕೂ ಬರಲ್ವಾ? ಕೇಕ್ ಡಬ್ಬಿ ಆಗಿದ್ರೆ ಭದ್ರವಾಗಿ ಮುಚ್ಚಿರೋಳು!” ಅಂದ. ನಾನು ನಕ್ಕೆ ಕೂಡ. ಮುಚ್ಚಳ ಭದ್ರವಾಗಿಯೇ ಇತ್ತು ಕಣೇ. ತೆಗೆಯುವಾಗ ನನ್ನ ಉಗುರು ಮುರಿಯಿತು.

ಫೋನ್ ಇಟ್ಟು, ಗುಂಡಿ ತೋಡಲು ಗುದ್ದಲಿ ಹುಡುಕುತ್ತಿದ್ದರೆ ಡಬ್ಬಿಯೊಳಗೆ ಪರಪರ ಸದ್ದು. ತೆಗೆದು ನೋಡಿದರೆ, ಹೆಣ ಎದ್ದು ಕೂತು ಮೀಸೆ ತೀಡಿಕೊಳ್ಳುತ್ತಿದೆ! ಅರ್ಧ ಗಂಟೆಯೊಳಗೆ ಅದನ್ನು ಅದರ ಪೆಟ್ಟಿಗೆಗೆ ಮುಟ್ಟಿಸಿದೆ. ಕ್ಲೈವ್‌ಗೆ ಮತ್ತೆ ಫೋನ್ ಮಾಡುವುದಷ್ಟೇ ಬಾಕಿ. ಹನ್ನೊಂದು ವರ್ಷದ ಸ್ಲೈಡುಗಳು ಅಡ್ಡ ನಿಂತವು. ನಾಳೆ ಮಾಡೋಣ ಎಂದುಕೊಂಡೆ.

ಮರುದಿನ ಕ್ಲೈವ್‌ನಿಂದ ಸುದ್ದಿ ಕೇಳಿ ನೀನು ಸಂಘ ಬಿಟ್ಟೆ. ಸೂಪ್ ತಂದುಕೊಟ್ಟಾಗ ನನ್ನ ಕೈ ಹಿಡಿದು, “ಅದಕ್ಕೆ ತುಂಬಾ ನೋವಾಯ್ತೇನೇ, ಗ್ಲೆನಿಸ್?” ಎಂದು ಕೇಳಿದೆ. ಇಲ್ಲ, ನಿದ್ದೆಯಲ್ಲೇ ಹೋಯಿತು ಅಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ.

ಇನ್ನೊಂದು ಸಂಕಟವಿದೆ. ನಡುಚಳಿಗಾಲದಲ್ಲಿ ಒಮ್ಮೆ ಎಬ್ಬಿಸಿದರೂ, ಬಾಲದ ಬುಡದಲ್ಲಿ ಕೂಡಿಟ್ಟ ಎಷ್ಟೋ ದಿನಗಳ ಕೊಬ್ಬು ಉರಿದುಹೋಗುತ್ತದೆ. ಇದೂ ನನ್ನದೇ ಸ್ಲೈಡು. ಪ್ರತಿ ಭಾನುವಾರ ಹೋಗಿ ಇಣುಕುತ್ತೇನೆ. ಮುಟ್ಟುವುದಿಲ್ಲ. ಮಲಗಿದೆ. ನೀನು ಬಾ, ನಿನ್ನ ಪೆಟ್ಟಿಗೆಗಳನ್ನು ನೀನೇ ನೋಡಿಕೋ. ಬೈಯುವುದಿದ್ದರೆ ದಾರಿಯುದ್ದಕ್ಕೂ ಬೈಯಬಹುದು, ಏರುದಾರಿ ಉದ್ದವೇ ಇದೆ.

ಹಾಗೆ ಬರೆಯಲು ಇನ್ನೂ ಅನುಮತಿ ಇದ್ದರೆ,
ನಿನ್ನ
ಗ್ಲೆನಿಸ್

ತಾ.ಕ. ಇವತ್ತು ಸೆಪ್ಟೆಂಬರ್ 20. ಕಾಗದವನ್ನು ಅಂದು ಅಂಚೆಗೆ ಹಾಕಲಿಲ್ಲ. ಪಾಸಮ್ ವಸಂತ ಕಾಣಲಿ, ಆಮೇಲೆ ಚಹಾ ಕುಡಿಯುತ್ತ ತಮಾಷೆಯಾಗಿ ಹೇಳಿದರಾಯಿತು ಎಂದು ಕಾದೆ. ಕಳೆದ ಭಾನುವಾರ ನೋಡಿದಾಗ ಅದರ ಬಾಲ ದಾರದಷ್ಟಾಗಿತ್ತು. ಮನೆಗೆ ತಂದು ಎರಡು ದಿನ ಪಕ್ಕದಲ್ಲೇ ಕೂತೆ. ಏಳಲಿಲ್ಲ. ಸಂಘದ ಪುಸ್ತಕದಲ್ಲಿ ಅದರ ಸಾವಿನ ಮುಂದಿದ್ದ ನಿನ್ನ ಹೆಸರಿಗೆ ಗೀಟು ಹಾಕಿ ನನ್ನ ಹೆಸರು ಬರೆದೆ. ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಕ್ಲೈವ್‌ಗೆ ಈ ಸಲ “ಯಾರ ತಪ್ಪು?” ಎಂದು ಕೇಳುವ ಕೆಲಸ ಉಳಿಯಲಿಲ್ಲ. ಅದು ಬದುಕಿದ್ದರೆ ಈ ಕಾಗದ ನಿನಗೆ ತಲುಪುತ್ತಿತ್ತು ಎಂದು ಮಾತ್ರ ಆಣೆ ಮಾಡಿ ಹೇಳಲಾರೆ.